ಕೈಗೆ ಓಗೊಡದ ಚಿತ್ರ ಲೆಕ್ಕಕ್ಕಿಲ್ಲ

ಕಳೆದ ತಿಂಗಳ ಕೂಟದಲ್ಲಿ ಪುಸ್ತಕ ವಿಮರ್ಶೆಯ ಅವನತಿಯ ಕುರಿತು ಮಾತು ನಡೆದಿತ್ತು. ಗೌರವ ಪ್ರತಿ ಪಡೆದವರು ಗೌರವದಿಂದಲೇ ಬರೆಯುತ್ತಾರೆ, ಮುನ್ನುಡಿಯನ್ನು ಮಗುಚಿ ಹಾಕಿ ವಿಮರ್ಶೆ ಎನ್ನುತ್ತಾರೆ ಎಂಬ, ನಾವೆಲ್ಲ ಹತ್ತಾರು ಸಲ ಆಡಿ ಸವೆಸಿದ ದೂರು ಅದು. ಆಗ ಕೂಟದ ತರುಣ ಮಿತ್ರರೊಬ್ಬರು, ವೃತ್ತಿಯಿಂದ ಎಂಜಿನಿಯರು, ಎದ್ದು ನಿಂತು ಹೀಗೆಂದರು: "ನಿಮ್ಮಲ್ಲಿ ಇರುವುದೆಲ್ಲ ಅಭಿಪ್ರಾಯ. ನಮ್ಮ ಕಡೆ ನೋಡಿ. ಹೊಸ ಗ್ರಾಫಿಕ್ಸ್ ಕಾರ್ಡ್ ಬಂತೆಂದರೆ ಕಂಪ್ಯೂಟರಿಗೆ ಸಿಕ್ಕಿಸುತ್ತೇವೆ, ಗೇಮ್ ಓಡಿಸುತ್ತೇವೆ, ಸೆಕೆಂಡಿಗೆ ಇಷ್ಟು ಫ್ರೇಮ್ ಎಂದು ಅಂಕಿ ಬರುತ್ತದೆ. ಅಲ್ಲಿ ಮುಲಾಜಿಗೆ ಜಾಗವೇ ಇಲ್ಲ." ಸಭೆ ತಲೆದೂಗಿತು. ಹಿರಿಯರೊಬ್ಬರು ಮಾತ್ರ, ಮಕ್ಕಳ ಆಟಿಕೆಯ ವಿಷಯ ಇಲ್ಲೇಕೆ ಎಂದು ಮುಖ ಸಿಂಡರಿಸಿದರು.

ನಮಗೆ ಇಬ್ಬರ ಮೇಲೂ ತಕರಾರಿದೆ. ಎರಡು ಲಕ್ಷ ರೂಪಾಯಿ ದಾಟಿದ ವಸ್ತುವನ್ನು ಮಕ್ಕಳ ಆಟಿಕೆ ಎನ್ನುವುದು ಹಣದ ಬಗೆಗಿನ ಉಡಾಫೆ. ಅದರ ಪರೀಕ್ಷೆಯಲ್ಲಿ ಮುಲಾಜಿಗೆ ಜಾಗವಿಲ್ಲ ಎನ್ನುವುದು ಇತಿಹಾಸದ ಬಗೆಗಿನ ಅಜ್ಞಾನ. ಹಿರಿಯರನ್ನು ಒಪ್ಪಿಸುವ ಶಕ್ತಿ ನಮಗಿಲ್ಲ. ತರುಣ ಮಿತ್ರರೊಡನೆ ಜಗಳ ಕಾಯುವುದಕ್ಕಾಗಿ ಈ ಬರಹ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಕಣ್ಣೆದುರು ಹಾಯುತ್ತವೆ. ಅವನ್ನೆಲ್ಲ ಮೊದಲೇ ತೆಗೆದಿಟ್ಟಿರುತ್ತಾರೆ. ನಾವು ಕುರ್ಚಿಯಲ್ಲಿ ಎದ್ದು ಕುಣಿದರೂ ಪರದೆಯ ನಾಯಕ ಬಲಕ್ಕೆ ತಿರುಗಬೇಕಾದಲ್ಲಿ ಬಲಕ್ಕೇ ತಿರುಗುತ್ತಾನೆ. ಕಂಪ್ಯೂಟರ್ ಆಟದ ಕಥೆ ಬೇರೆ. ಅಲ್ಲಿ ಮುಂದಿನ ಚಿತ್ರ ಇನ್ನೂ ಹುಟ್ಟಿರುವುದಿಲ್ಲ. ಆಡುವವನು ಮೌಸನ್ನು ಎಡಕ್ಕೆ ಎಳೆದರೆ ಎಡಗಡೆಯ ಗೋಡೆಯನ್ನೂ ಅದರ ಮೇಲಿನ ಬೆಳಕನ್ನೂ ಗ್ರಾಫಿಕ್ಸ್ ಕಾರ್ಡ್ ಆ ಕ್ಷಣದಲ್ಲಿ ಲೆಕ್ಕ ಹಾಕಿ ಬಿಡಿಸಬೇಕು. ಸೆಕೆಂಡಿಗೆ 60 ಸಲ ಬಿಡಿಸುವುದೆಂದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡು, 120 ಸಲವಾದರೆ 8.3. ಅಂದರೆ ಆಟದಲ್ಲಿ ಒಂದು ಫ್ರೇಮ್ ಎನ್ನುವುದು ಬರಿಯ ಚಿತ್ರವಲ್ಲ, ಕೈ ಕೇಳಿದ ಪ್ರಶ್ನೆಗೆ ಯಂತ್ರ ಕೊಟ್ಟ ಉತ್ತರ. ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಎಣಿಸುವ ಪದ್ಧತಿ ಹುಟ್ಟಿದ್ದು ಈ ಕಾರಣಕ್ಕೆ. ಎಣಿಕೆ ಹೆಚ್ಚಾದಷ್ಟೂ ಉತ್ತರ ಬೇಗ ಬಂದಿತೆಂದು ಅರ್ಥ. ಇದೊಂದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಈಗ ಆ ಅಂಕಿಯನ್ನು ನೋಡೋಣ. ಒಂದು ಸೆಕೆಂಡಿನಲ್ಲಿ ಕಾರ್ಡು 100 ಫ್ರೇಮ್ ಬಿಡಿಸಿತು ಎನ್ನಿ. ಅದರಲ್ಲಿ 99 ಫ್ರೇಮುಗಳಿಗೆ ತಲಾ 8 ಮಿಲಿಸೆಕೆಂಡು ಹಿಡಿಯಿತು, ಒಟ್ಟು 792. ಉಳಿದ ಒಂದೇ ಒಂದು ಫ್ರೇಮಿಗೆ 208. ಸರಾಸರಿ ಸೆಕೆಂಡಿಗೆ 100 ಎಂದು ಕೋಷ್ಟಕದಲ್ಲಿ ಅಚ್ಚಾಗುತ್ತದೆ. ನೋಡಿದವರು ಭೇಷ್ ಎನ್ನುತ್ತಾರೆ. ಆಡುತ್ತಿದ್ದವನ ಅನುಭವ? ಸೆಕೆಂಡಿನ ಐದನೆಯ ಒಂದು ಭಾಗ ಪರದೆ ಕಲ್ಲಾಗಿ ನಿಂತಿತು. ಅಷ್ಟರಲ್ಲಿ ಎದುರಾಳಿ ಗುಂಡು ಹಾರಿಸಿ ಮುಗಿದಿತ್ತು.

ಸರಾಸರಿಯ ಈ ದೋಷವನ್ನು ತಜ್ಞರು ಬಲ್ಲರು, ಅದಕ್ಕೆಂದೇ 'ಒಂದು ಶೇಕಡಾ ಕನಿಷ್ಠ' ಎಂಬ ಇನ್ನೊಂದು ಅಂಕಿಯನ್ನು ಪಕ್ಕದಲ್ಲಿ ಕೊಡುತ್ತಾರೆ ಎಂದು ಮಿತ್ರರು ಹೇಳಬಹುದು. ಹೌದು, ಕೊಡುತ್ತಾರೆ. ಆದರೆ ಆ ಅಂಕಿಗೆ ಎರಡು ವ್ಯಾಖ್ಯೆಗಳು ಚಲಾವಣೆಯಲ್ಲಿವೆ. ಅತಿ ನಿಧಾನದ ಶೇಕಡಾ ಒಂದರಷ್ಟು ಫ್ರೇಮುಗಳ ಸರಾಸರಿ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಇನ್ನು ಕೆಲವರು ವೇಗದ ಕ್ರಮದಲ್ಲಿ ಜೋಡಿಸಿ 99ನೆಯ ಸ್ಥಾನದಲ್ಲಿರುವ ಫ್ರೇಮನ್ನು ಹಿಡಿಯುತ್ತಾರೆ. ನಮ್ಮ ಮೇಲಿನ ಉದಾಹರಣೆಗೇ ಅನ್ವಯಿಸಿ ನೋಡಿ. ಮೊದಲ ಲೆಕ್ಕದಲ್ಲಿ 208 ಮಿಲಿಸೆಕೆಂಡಿನ ಆ ಒಂದು ಫ್ರೇಮ್ ಸಿಕ್ಕಿಬಿದ್ದು ಉತ್ತರ ಸೆಕೆಂಡಿಗೆ ಸುಮಾರು 5 ಎಂದಾಗುತ್ತದೆ. ಎರಡನೆಯ ಲೆಕ್ಕದಲ್ಲಿ 99ನೆಯದು 8 ಮಿಲಿಸೆಕೆಂಡಿನ ಫ್ರೇಮ್, ಉತ್ತರ 125! ಅದೇ ಕಾರ್ಡು, ಅದೇ ಸೆಕೆಂಡು, ಅದೇ ಹೆಸರಿನ ಅಂಕಿ. ನಾವು ಬೇಕೆಂದೇ ಅತಿಯಾದ ಉದಾಹರಣೆ ಆರಿಸಿಕೊಂಡಿದ್ದೇವೆ. ದೀರ್ಘ ಪರೀಕ್ಷೆಯಲ್ಲಿ ಅಂತರ ಇಷ್ಟು ಭೀಕರವಾಗಿರುವುದಿಲ್ಲ. ಆದರೂ ಯಾವ ವ್ಯಾಖ್ಯೆ ಎಂದು ಹೇಳದೆ ಅಂಕಿ ಅಚ್ಚು ಹಾಕುವವನಿಗೂ, ಪುಸ್ತಕ ಓದದೆ ಅದನ್ನು ಮಹತ್ವದ ಕೃತಿ ಎನ್ನುವವನಿಗೂ ನಮಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಸರಾಸರಿಯ ಗುಟ್ಟನ್ನು ಒಡೆದವರು ಯಾವ ತಯಾರಕರೂ ಅಲ್ಲ. 2011ರಲ್ಲಿ 'ದ ಟೆಕ್ ರಿಪೋರ್ಟ್'ನ ಸ್ಕಾಟ್ ವಾಸನ್ ಒಂದು ಸೆಕೆಂಡಿನ ಒಳಹೊಕ್ಕು ನೋಡಬೇಕೆಂದು ಹಟ ಹಿಡಿದು, ಪ್ರತಿ ಫ್ರೇಮಿಗೆ ಹಿಡಿದ ಕಾಲವನ್ನು ಬಿಡಿಬಿಡಿಯಾಗಿ ನಕಾಶೆಗೆ ಇಳಿಸಿದರು. ಅದುವರೆಗೆ ಸಮಾನವೆಂದು ಕಂಡಿದ್ದ ಕಾರ್ಡುಗಳು ಬೇರೆ ಬೇರೆಯಾಗಿ ನಿಂತವು. ಎರಡು ಕಾರ್ಡುಗಳನ್ನು ಜೋಡಿಸಿ ಓಡಿಸುವ ಪದ್ಧತಿ ಆಗ ಶ್ರೀಮಂತರ ಶೋಕಿಯಾಗಿತ್ತು. ಆ ಜೋಡಿಗಳಲ್ಲಿ ಫ್ರೇಮುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಬಂದು, ಆಮೇಲೆ ದೊಡ್ಡದೊಂದು ಬಿಡುವು ಬಿಡುತ್ತಿದ್ದವು. ಎಣಿಕೆ ಇಮ್ಮಡಿ, ಆದರೆ ಆಟ ಮುಗ್ಗರಿಸುತ್ತಿತ್ತು. 2013ರಲ್ಲಿ ಎನ್ವಿಡಿಯಾ ಕಂಪನಿಯೇ ಎಫ್‌ಕ್ಯಾಟ್ ಎಂಬ ಸಾಧನವನ್ನು ಪರೀಕ್ಷಕರ ಕೈಗಿತ್ತಿತು. ಪ್ರತಿ ಫ್ರೇಮಿನ ಅಂಚಿಗೆ ಸರದಿಯ ಬಣ್ಣವೊಂದರ ಪಟ್ಟಿ ಬಳಿಯುವುದು, ಪರದೆಗೆ ಹೋಗುವ ಚಿತ್ರವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಸೆರೆಹಿಡಿಯುವುದು, ಯಾವ ಬಣ್ಣ ಪರದೆಯ ಎಷ್ಟು ಗೆರೆಗಳನ್ನು ಆವರಿಸಿತು ಎಂದು ಅಳೆಯುವುದು. ಆಗ ಬಯಲಾಯಿತು: ಪ್ರತಿಸ್ಪರ್ಧಿ ಎಎಂಡಿಯ ಜೋಡಿ ಕಾರ್ಡುಗಳಲ್ಲಿ ಎಷ್ಟೋ ಫ್ರೇಮುಗಳು ಪರದೆಯ ಮೇಲೆ ಕೆಲವೇ ಗೆರೆಗಳಷ್ಟು ಇಣುಕಿ ಮಾಯವಾಗುತ್ತಿದ್ದವು. ಅವನ್ನು ಕುಳ್ಳ ಫ್ರೇಮುಗಳೆಂದು ಕರೆದು, ನೋಡುವವನಿಗೆ ಉಪಯೋಗವಿಲ್ಲದ್ದನ್ನು ಎಣಿಸಬೇಡಿ ಎಂಬ ನ್ಯಾಯವನ್ನು ಮುಂದಿಟ್ಟರು. ಎಎಂಡಿ ಅದೇ ವರ್ಷ ತನ್ನ ಡ್ರೈವರ್ ತಿದ್ದಿಕೊಳ್ಳಬೇಕಾಯಿತು. ನ್ಯಾಯ ಸರಿಯಾಗಿತ್ತು. ಅದನ್ನು ಹೇಳಿದವರು ಯಾರು ಎಂಬುದನ್ನು ಓದುಗರು ಮರೆಯಬಾರದು. ಆ ಮಾತಿಗೆ ಮತ್ತೆ ಬರುತ್ತೇವೆ.

ಮುಲಾಜಿಗೆ ಜಾಗವಿಲ್ಲ ಎಂಬ ಮಾತು ಅದಕ್ಕೂ ಹತ್ತು ವರ್ಷ ಹಿಂದೆಯೇ ಸುಳ್ಳಾಗಿತ್ತು. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡು ಕ್ವೇಕ್ 3 ಎಂಬ ಆಟದಲ್ಲಿ ಸೊಗಸಾದ ಅಂಕಿ ತೋರಿಸುತ್ತಿತ್ತು. ಆ ಆಟ ಆಗ ಎಲ್ಲ ಪರೀಕ್ಷಕರ ಒರೆಗಲ್ಲು. ಹಾರ್ಡ್‌ಒಸಿಪಿಯವರು ಆಟದ ಕಡತದಲ್ಲಿ 'ಕ್ವೇಕ್' ಇದ್ದಲ್ಲೆಲ್ಲ 'ಕ್ವ್ಯಾಕ್' ಎಂದು ಬದಲಿಸಿ ಓಡಿಸಿದರು. ವೇಗ ಇಳಿಯಿತು, ಚಿತ್ರ ಮಾತ್ರ ಮೊದಲಿಗಿಂತ ಚೊಕ್ಕವಾಯಿತು! ಕಾರ್ಡಿನ ಡ್ರೈವರ್ ಆಟದ ಹೆಸರನ್ನು ನೋಡಿ, ಪರೀಕ್ಷೆ ನಡೆಯುವ ಸ್ಥಳ ಇದೇ ಎಂದು ತಿಳಿದು, ಚಿತ್ರದ ಗುಣವನ್ನು ಸದ್ದಿಲ್ಲದೆ ತಗ್ಗಿಸುತ್ತಿತ್ತು. ಬಾತುಕೋಳಿಯ ಕೂಗೊಂದು ಅದನ್ನು ಬಯಲಿಗೆಳೆಯಿತು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳು ಹೊಗೆ ತಪಾಸಣೆಯ ವೇಳೆ ಮಾತ್ರ ಸಭ್ಯವಾಗಿರುತ್ತಿದ್ದ ಪ್ರಕರಣವನ್ನು ನಾವು ದಿನಪತ್ರಿಕೆಗಳಲ್ಲಿ ಬಾಯಿ ಬಿಟ್ಟು ಓದಿದೆವಲ್ಲ, ಅದರ ಬಾಲಪಾಠ ಇಲ್ಲಿತ್ತು.

2003ರ ಸರದಿ ಎನ್ವಿಡಿಯಾದ್ದು. ಫಿನ್ಲೆಂಡಿನ ಫ್ಯೂಚರ್‌ಮಾರ್ಕ್ ಸಂಸ್ಥೆಯ 3ಡಿಮಾರ್ಕ್ 03 ಎಂಬ ಪರೀಕ್ಷೆಯಲ್ಲಿ ಕ್ಯಾಮೆರಾ ಪ್ರತಿ ಸಲವೂ ಹಳಿಯ ಮೇಲಿನ ರೈಲಿನಂತೆ ಒಂದೇ ದಾರಿಯಲ್ಲಿ ಸಾಗುತ್ತದೆ. ದಾರಿ ಮೊದಲೇ ಗೊತ್ತಿದ್ದ ಮೇಲೆ, ಕ್ಯಾಮೆರಾ ಎಂದೂ ತಿರುಗಿ ನೋಡದ ಭಾಗಗಳನ್ನು ಬಿಡಿಸುವ ಶ್ರಮವೇಕೆ? ಡ್ರೈವರ್ ಅವನ್ನು ಕತ್ತರಿಸಿ ಹಾಕಿತ್ತು. ಕಂಪನಿ ನಾಟಕದ ಪರದೆಗೆ ಪ್ರೇಕ್ಷಕರ ಕಡೆ ಮಾತ್ರ ಬಣ್ಣ ಬಳಿಯುವ ಈ ಜಾಣತನವನ್ನು ಗ್ರಾಹಕನಿಗೆ ವೇಗವೆಂದು ಮಾರಿತು. ಕ್ಯಾಮೆರಾವನ್ನು ಹಳಿಯಿಂದ ಇಳಿಸಿ ಅತ್ತಿತ್ತ ತಿರುಗಿಸಿದಾಗ ಆಕಾಶ ಹರಿದುಹೋಗಿತ್ತು. ಫ್ಯೂಚರ್‌ಮಾರ್ಕ್ ತಿದ್ದುಪಡಿ ಹೊರಡಿಸಿದ ಮೇಲೆ ಆ ಕಾರ್ಡಿನ ಅಂಕ ಶೇ. 24ರಷ್ಟು ಕುಸಿಯಿತು. ಎಟಿಐನದ್ದೂ ಶೇ. 1.9ರಷ್ಟು ಇಳಿಯಿತು, ಅದೂ ಪೂರ್ತಿ ಮಡಿವಂತನಾಗಿರಲಿಲ್ಲ. ನಮಗೆ ನೋವಾಗುವುದು ಮುಂದಿನ ಅಂಕದಲ್ಲಿ. ಕೆಲವೇ ದಿನಗಳಲ್ಲಿ ಫ್ಯೂಚರ್‌ಮಾರ್ಕ್ ಮತ್ತು ಎನ್ವಿಡಿಯಾ ಜಂಟಿ ಹೇಳಿಕೆ ಕೊಟ್ಟವು. ಇದು ಮೋಸವಲ್ಲ, ಒಂದು ಬಗೆಯ ಅನುಕೂಲೀಕರಣ ಎಂದು ಅದರಲ್ಲಿತ್ತು. ಕನ್ನ ಹಾಕಿದವನೂ ಮನೆಯ ಯಜಮಾನನೂ ಕೂಡಿ ಠಾಣೆಗೆ ಬಂದು, ಅದು ಕನ್ನವಲ್ಲ ಕಿಟಕಿ ಎಂದು ಬರೆದುಕೊಟ್ಟ ಹಾಗೆ. ಪದ ಬದಲಿಸಿದರೆ ಅಪರಾಧ ಬದಲಾಗುತ್ತದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಮೊದಲು ಗುರುತಿಸಬೇಕಿತ್ತು.

ಇದೆಲ್ಲ ಹಳೆಯ ಕಥೆ ಎನ್ನುವವರಿಗಾಗಿ 2025ರ ಜನವರಿಗೆ ಬರೋಣ. ಲಾಸ್ ವೇಗಾಸಿನ ಸಿಇಎಸ್ ಮೇಳದಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆಯ ಮೇಲೆ ನಿಂತು, 549 ಡಾಲರಿನ ಹೊಸ ಆರ್‌ಟಿಎಕ್ಸ್ 5070 ಕಾರ್ಡು 4090ರ ಪರ್ಫಾರ್ಮೆನ್ಸ್ ಕೊಡುತ್ತದೆ ಎಂದು ಸಾರಿದರು. 4090 ಎಂದರೆ 2022ರಲ್ಲಿ 1,599 ಡಾಲರಿಗೆ ಬಂದ, ಅಂದಿನ ಅತ್ಯುಚ್ಚ ಕಾರ್ಡು. ಅದರೊಳಗೆ 16,384 ಕೋರುಗಳು, 24 ಜಿಬಿ ಮೆಮೊರಿ. 5070ರಲ್ಲಿ 6,144 ಕೋರುಗಳು, 12 ಜಿಬಿ ಮೆಮೊರಿ. ಮೂರನೆಯ ಒಂದಕ್ಕಿಂತ ಸ್ವಲ್ಪವೇ ಹೆಚ್ಚು ಕೂಲಿಗಳಿಂದ ಅಷ್ಟೇ ಕೆಲಸ! ಮಾರ್ಚ್ ತಿಂಗಳಲ್ಲಿ ಸ್ವತಂತ್ರ ಪರೀಕ್ಷಕರ ಕೈಗೆ ಬಂದಾಗ ಅದು ನಿಂತದ್ದು ಹಿಂದಿನ ತಲೆಮಾರಿನ 4070 ಸೂಪರ್ ಕಾರ್ಡಿನ ಆಸುಪಾಸಿನಲ್ಲಿ. ಇಂಗ್ಲಿಷಿನ ಆ 'ಪರ್ಫಾರ್ಮೆನ್ಸ್' ಎಂಬ ಪದಕ್ಕೆ ಕಾರ್ಯನಿರ್ವಹಣೆ ಎಂಬ ಅರ್ಥವೂ ಉಂಟು, ವೇದಿಕೆಯ ಮೇಲಿನ ಪ್ರದರ್ಶನ ಎಂಬ ಅರ್ಥವೂ ಉಂಟು. ಅಂದು ಲಾಸ್ ವೇಗಾಸಿನಲ್ಲಿ ಬಳಕೆಯಾದದ್ದು ಎರಡನೆಯದು.

ಆ ಸಮೀಕರಣದ ಒಳಗುಟ್ಟು ಹೀಗಿದೆ. ಕಾರ್ಡು ಎರಡು ಫ್ರೇಮುಗಳನ್ನು ನಿಜವಾಗಿ ಬಿಡಿಸುತ್ತದೆ. ಎರಡನೆಯದನ್ನು ತಕ್ಷಣ ತೋರಿಸದೆ ತಡೆದಿಟ್ಟುಕೊಂಡು, ಇವೆರಡರ ನಡುವೆ ಏನಿರಬಹುದೆಂದು ಕೃತಕ ಬುದ್ಧಿಮತ್ತೆಯಿಂದ ಊಹಿಸಿ ಚಿತ್ರಗಳನ್ನು ತುಂಬುತ್ತದೆ. 4090ರ ತಲೆಮಾರಿನಲ್ಲಿ ಪ್ರತಿ ನಿಜ ಫ್ರೇಮಿಗೆ ಒಂದು ಊಹೆಯ ಫ್ರೇಮ್ ತುಂಬಬಹುದಿತ್ತು. 5070ರ ತಲೆಮಾರಿನಲ್ಲಿ ಮೂರು. ಎರಡನ್ನೂ ಒಟ್ಟಿಗೆ ಎಣಿಸಿದರೆ ಸಮ ಎನಿಸುತ್ತದೆ. ಇದರ ಜೊತೆಗೆ, 4ಕೆ ಪರದೆಯ ಸುಮಾರು 83 ಲಕ್ಷ ಚುಕ್ಕೆಗಳಲ್ಲಿ ಕಾಲು ಭಾಗವನ್ನು ಮಾತ್ರ ಬಿಡಿಸಿ ಉಳಿದದ್ದನ್ನು ಹಿಗ್ಗಿಸಿಕೊಳ್ಳುವ ಡಿಎಲ್‌ಎಸ್‌ಎಸ್ ವಿಧಾನವನ್ನೂ ಸೇರಿಸಿದರೆ, ಪರದೆಯ 16 ಚುಕ್ಕೆಗಳಲ್ಲಿ ಕಾರ್ಡು ಸಾಂಪ್ರದಾಯಿಕವಾಗಿ ಬಿಡಿಸಿದ್ದು ಒಂದೇ. ಹದಿನೈದು ಊಹೆ.

ಊಹೆಯನ್ನು ನಾವು ಹಳಿಯುತ್ತಿಲ್ಲ. ಹಿಗ್ಗಿಸುವ ವಿಧಾನವಂತೂ ನಿಜವಾದ ಲಾಭ: ಅಲ್ಲಿ ಪ್ರತಿ ಫ್ರೇಮೂ ಕೈಯ ಚಲನೆಯನ್ನು ನೋಡಿಯೇ ಹುಟ್ಟುತ್ತದೆ, ಉತ್ತರ ಬೇಗ ಬರುತ್ತದೆ. ನಡುವೆ ತುಂಬಿದ ಫ್ರೇಮುಗಳೂ ಕೂಡ, ನಿಜ ಎಣಿಕೆ ಮೊದಲೇ 60-70 ಇದ್ದು ಮುಂದೆ ವೇಗದ ಮಾನಿಟರ್ ಇದ್ದರೆ, ಚಲನೆಯನ್ನು ಕಣ್ಣಿಗೆ ನಯವಾಗಿಸುತ್ತವೆ. ನಾವೇ ಕೂತು ನೋಡಿದ್ದೇವೆ, ಸುಳ್ಳು ಹೇಳಲಾರೆವು. ಆದರೆ ಎಣಿಕೆ 30 ಇರುವಲ್ಲಿ ಅದನ್ನು 120 ಮಾಡಿ ತೋರಿಸಿದಾಗ ಏನಾಗುತ್ತದೆ? ಕಣ್ಣಿಗೆ 120. ಕೈಗೆ ಅದೇ 30. ಅಂದರೆ 33 ಮಿಲಿಸೆಕೆಂಡಿಗೊಂದು ಉತ್ತರ. ಜೊತೆಗೆ, ಎರಡನೆಯ ಫ್ರೇಮನ್ನು ತಡೆದಿಟ್ಟುಕೊಂಡ ಕಾರಣಕ್ಕೆ ಇನ್ನಷ್ಟು ವಿಳಂಬ. ಮೌಸ್ ಎಳೆದಾಗ ನಡುವಿನ ಮೂರು ಚಿತ್ರಗಳಿಗೆ ಆ ಎಳೆತದ ಸುದ್ದಿಯೇ ಗೊತ್ತಿರುವುದಿಲ್ಲ. ಅವು ಸಿನಿಮಾದ ಚಿತ್ರಗಳು. ಆಟದ ಲೆಕ್ಕದಲ್ಲಿ ಸಿನಿಮಾದ ಚಿತ್ರಗಳನ್ನು ಸೇರಿಸುವುದಾದರೆ ಫ್ರೇಮ್ ಎಣಿಸುವ ಪದ್ಧತಿಯನ್ನೇ ಕೈಬಿಡಬೇಕು.

2013ಕ್ಕೆ ಮರಳುತ್ತೇವೆಂದು ಹೇಳಿದ್ದೆವು. ಕಣ್ಣಿಗೆ ಉಪಯೋಗವಿಲ್ಲದ ಫ್ರೇಮನ್ನು ಲೆಕ್ಕದಿಂದ ಕಿತ್ತೆಸೆಯಿರಿ ಎಂದು ಪ್ರತಿಸ್ಪರ್ಧಿಯ ಮೇಲೆ ಎಫ್‌ಕ್ಯಾಟ್ ಹಿಡಿದು ಹೊರಟ ಕಂಪನಿಯೇ ಇಂದು ಕೈಗೆ ಉಪಯೋಗವಿಲ್ಲದ ಫ್ರೇಮನ್ನು ಲೆಕ್ಕಕ್ಕೆ ಸೇರಿಸಿ ಎನ್ನುತ್ತಿದೆ. ಮೌಸ್ ಒತ್ತಿದ ಕ್ಷಣದಿಂದ ಪರದೆ ಬದಲಾಗುವವರೆಗಿನ ಕಾಲವನ್ನು ಬೆಳಕಿನ ಸಂವೇದಕದಿಂದ ಅಳೆಯುವ ಸಾಧನವನ್ನೂ ಅದೇ ಕಂಪನಿ ತಯಾರಿಸಿ ಪರೀಕ್ಷಕರಿಗೆ ಹಂಚಿದೆ. ಅಳೆಯಲು ಬಾರದವರ ತಪ್ಪನ್ನು ಕ್ಷಮಿಸಬಹುದು. ಇವರ ಬಳಿ ತಕ್ಕಡಿ ಇದೆ, ತೂಕದ ಕಲ್ಲುಗಳಿವೆ. ಗಿರಾಕಿ ಬಂದಾಗ ಮಾತ್ರ ತಕ್ಕಡಿಯನ್ನು ಅಟ್ಟಕ್ಕೆ ಸೇರಿಸುತ್ತಾರೆ. ಎಎಂಡಿಯೂ ಇಂಟೆಲ್ಲೂ ಇದೇ ತುಂಬುವ ವಿದ್ಯೆಯನ್ನು ಕಲಿತಿವೆ ಎಂಬುದನ್ನೂ ಸೇರಿಸಬೇಕು. ಒಬ್ಬರನ್ನೇ ಗುರಿ ಮಾಡುವ ಉದ್ದೇಶ ನಮಗಿಲ್ಲ.

ಅತ್ಯುಚ್ಚ ಕಾರ್ಡಾದ 5090ಕ್ಕೇ ಬನ್ನಿ. 1,999 ಡಾಲರು, ಭಾರತಕ್ಕೆ ಘೋಷಿಸಿದ ಬೆಲೆ 2,14,000 ರೂಪಾಯಿಯಿಂದ ಆರಂಭ. ಬಿಡುಗಡೆಗೆ ಮುಂಚೆ ಕಂಪನಿ ತೋರಿಸಿದ ಪಟ್ಟಿಗಳಲ್ಲಿ ಇದು 4090ಕ್ಕೆ ಹೋಲಿಸಿದರೆ ಇಮ್ಮಡಿ ಎತ್ತರದ ಕಂಬ. ತುಂಬಿದ ಫ್ರೇಮುಗಳನ್ನು ಕಳೆದು ಸ್ವತಂತ್ರರು 4ಕೆಯಲ್ಲಿ ಅಳೆದಾಗ ಸಿಕ್ಕ ಹೆಚ್ಚಳ ಸರಿಸುಮಾರು ಶೇ. 25ರಿಂದ 35. ಬೆಲೆಯ ಹೆಚ್ಚಳ ಶೇ. 25. ವಿದ್ಯುತ್ತು 450 ವ್ಯಾಟಿನಿಂದ 575ಕ್ಕೆ, ಅಂದರೆ ಶೇ. 28. ಹೆಚ್ಚು ಹಣ, ಹೆಚ್ಚು ಕರೆಂಟು, ಅದಕ್ಕೆ ತಕ್ಕಷ್ಟೇ ಹೆಚ್ಚು ವೇಗ. ಇದೇನೂ ಕೆಟ್ಟ ಕಾರ್ಡಲ್ಲ. ಲೋಕದಲ್ಲಿ ಇದಕ್ಕಿಂತ ವೇಗದ್ದು ಗೇಮ್ ಆಡುವವರಿಗೆ ಆಗ ಸಿಗುತ್ತಿರಲಿಲ್ಲ. ಇಷ್ಟನ್ನು ನೇರವಾಗಿ ಹೇಳಿದ್ದರೆ ಕೊಳ್ಳುವವರು ಕೊಳ್ಳುತ್ತಲೇ ಇದ್ದರು. ನಿಜವೇ ಇಷ್ಟು ಚೆನ್ನಾಗಿರುವಾಗ ಸುಳ್ಳಿನ ಅಗತ್ಯವೇನಿತ್ತೆಂಬುದು ನಮಗೆ ಇಂದಿಗೂ ಬಗೆಹರಿಯದ ಒಗಟು.

ಈ ಕಾರ್ಡನ್ನು ನಾವು ಕಣ್ಣಾರೆ ಕಂಡದ್ದು ಹೈದರಾಬಾದಿನಲ್ಲಿ, ಅಣ್ಣನ ಮಗನ ಮನೆಯಲ್ಲಿ. ಎರಡು ವರ್ಷದ ಉಳಿತಾಯ ಸುರಿದು ತಂದಿದ್ದ. ಅಂಗಡಿಯವರು ಕೈಗಿಟ್ಟ ಕರಪತ್ರದಲ್ಲಿ ಕಣ್ಣು ಕೋರೈಸುವ ಅಂಕಿ ಇತ್ತು. "ಚಿಕ್ಕಪ್ಪ, ನೀವು ಬಂದಿದ್ದೀರಲ್ಲ, ಬರೆದುಕೊಳ್ಳೋಕೆ ಒಬ್ಬರು ಬೇಕಿತ್ತು" ಎಂದು ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡ. ಹೀಗೆ ಎರಡು ರಾತ್ರಿ, ಮೇ ತಿಂಗಳ ಸೆಕೆಯಲ್ಲಿ, ಪ್ರೆಸೆಂಟ್‌ಮಾನ್ ಎಂಬ ಉಚಿತ ಸಾಧನ ಹೇಳಿದ್ದನ್ನು ನಾವು ನೋಟ್‌ಬುಕ್ಕಿಗೆ ಇಳಿಸಿದೆವು. ತುಂಬಿದ ಫ್ರೇಮುಗಳನ್ನು ಬಿಟ್ಟು ಎಣಿಸಿದಾಗ ಬಂದದ್ದು ಕರಪತ್ರದ ಅಂಕಿಯ ಕಾಲು ಭಾಗದ ಆಸುಪಾಸು. ಹುಡುಗನ ಮುಖ ಬಾಡಿದ್ದನ್ನು ನೋಡಿ, ನಾವು ಬರೆದುಕೊಳ್ಳಲು ಕೂರಬಾರದಿತ್ತೇನೋ ಅನ್ನಿಸಿತು.

ಆದರೆ ಆ ಎರಡು ರಾತ್ರಿ ನಮಗೆ ಕಲಿಸಿದ್ದು ಬೇರೆಯೇ. ಸೈಬರ್‌ಪಂಕ್ 2077 ಎಂಬ ಆಟದೊಳಗೇ ಒಂದು ಸಿದ್ಧ ಪರೀಕ್ಷೆ ಇದೆ. ಗುಂಡಿ ಒತ್ತಿದರೆ ಸುಮಾರು ಒಂದು ನಿಮಿಷದ ದೃಶ್ಯ ತಾನಾಗಿ ಓಡಿ ಅಂಕಿ ಕೊಡುತ್ತದೆ. ಬಹಳ ಮಂದಿ ಅದನ್ನೇ ಪರೀಕ್ಷೆ ಎಂದು ಪ್ರಕಟಿಸುತ್ತಾರೆ. ಅದೇ ಆಟದ ಡಾಗ್‌ಟೌನ್ ಎಂಬ ಬಡಾವಣೆಯಲ್ಲಿ ನಿಜವಾಗಿ ಓಡಾಡಿದಾಗ ಅಂಕಿ ಕೆಳಗಿಳಿಯಿತು. ಆಮೇಲೆ ಕಾವು. ಕಂಪ್ಯೂಟರ್ ಆಗಷ್ಟೇ ಹೊತ್ತಿಸಿದಾಗಿನ ಓಟಕ್ಕೂ ಅರ್ಧ ಗಂಟೆ ಆಡಿದ ನಂತರದ ಓಟಕ್ಕೂ ತಾಳೆಯಾಗಲಿಲ್ಲ. ಇವು ಕಾವೇರಿದಂತೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುವ ಕಾರ್ಡುಗಳು. ಪಶ್ಚಿಮದ ಪರೀಕ್ಷಾ ಕೊಠಡಿಯಲ್ಲಿ ಹವೆ 20-22 ಡಿಗ್ರಿ. ಎಷ್ಟೋ ಕಡೆ ಕಂಪ್ಯೂಟರಿಗೆ ಡಬ್ಬಿಯೂ ಇಲ್ಲದೆ ಬಟ್ಟಬಯಲಾಗಿ ಮೇಜಿನ ಮೇಲೆ ಹರಡಿಟ್ಟಿರುತ್ತಾರೆ. ಇಲ್ಲಿ ಬಾಗಿಲು ಮುಚ್ಚಿದ ಪುಟ್ಟ ಕೋಣೆ, ಗಾಜಿನ ಡಬ್ಬಿ, 575 ವ್ಯಾಟಿನ ಕಾರ್ಡು. ಚಳಿಗಾಲದಲ್ಲಿ ದಿಲ್ಲಿಯ ಕನ್ನಡಿಗರು ಮಂಚದ ಪಕ್ಕ ಇಟ್ಟುಕೊಳ್ಳುವ ಹೀಟರಿನ ಅರ್ಧದಷ್ಟು ಶಾಖ ಅದು. ಮುಂಬಯಿಯಲ್ಲೋ ಚೆನ್ನೈಯಲ್ಲೋ ಇದನ್ನು ಕೊಳ್ಳುವವನಿಗೆ ಬೇಕಾದ ಅಂಕಿ ಯಾವುದು? ಅವನ ಕೋಣೆಯಲ್ಲಿ, ನಲವತ್ತನೆಯ ನಿಮಿಷದಲ್ಲಿ ಬರುವ ಅಂಕಿ. ಅದನ್ನು ಅಳೆದು ಕೊಡುವವರು ಯಾರು?

ಸರಾಸರಿಯ ಕಣ್ಣಿಗೆ ಬೀಳದ ದೋಷಗಳ ಪಟ್ಟಿ ಇನ್ನೂ ಉದ್ದ. 2014ರಲ್ಲಿ ಬಂದ ಜಿಟಿಎಕ್ಸ್ 970 ಕಾರ್ಡನ್ನು ಎಲ್ಲರೂ ಪರೀಕ್ಷಿಸಿ ಹೊಗಳಿದರು. 2015ರ ಜನವರಿಯ ಹೊತ್ತಿಗೆ ಬಳಕೆದಾರರೇ ಪತ್ತೆ ಹಚ್ಚಿದರು: 4 ಜಿಬಿ ಎಂದ ಮೆಮೊರಿಯಲ್ಲಿ ಕೊನೆಯ ಅರ್ಧ ಜಿಬಿ ತೀರಾ ನಿಧಾನದ್ದು. ಕಂಪನಿ ಮೊದಲು ಕೊಟ್ಟ ವಿವರಗಳಲ್ಲೇ ತಪ್ಪಿತ್ತೆಂದು ಒಪ್ಪಿಕೊಂಡಿತು. ಅಮೆರಿಕದಲ್ಲಿ ದಾವೆ ನಡೆದು ಕಾರ್ಡಿಗೆ 30 ಡಾಲರಿನಂತೆ ಪರಿಹಾರದ ಒಪ್ಪಂದವಾಯಿತು. 2025ರ ಫೆಬ್ರವರಿಯಲ್ಲಿ ಕೆಲವು 5090 ಕಾರ್ಡುಗಳಲ್ಲಿ ಆರ್‌ಒಪಿ ಎಂಬ ಚಿತ್ರಾಂತ್ಯದ ಘಟಕಗಳು 176 ಇರಬೇಕಾದಲ್ಲಿ 168 ಮಾತ್ರ ಇದ್ದದ್ದು ಹೊರಬಿತ್ತು. ಅದನ್ನೂ ಬಯಲಿಗೆ ತಂದವರು ಜಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ತಮ್ಮ ಕಾರ್ಡಿನ ವಿವರ ತೆರೆದು ನೋಡಿದ ಗಿರಾಕಿಗಳು. ಕಂಪನಿ ಒಪ್ಪಿ ಬದಲಾಯಿಸಿ ಕೊಡುವುದಾಗಿ ಹೇಳಿತು. ತಪಾಸಣೆಗೆ ಕಳಿಸುವ ಕಾರ್ಡಿಗೂ ಅಂಗಡಿಯಲ್ಲಿ ಸಿಗುವ ಕಾರ್ಡಿಗೂ ನಡುವೆ ಎಂಥ ವ್ಯತ್ಯಾಸವಿರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ಗೌರವ ಪ್ರತಿಯ ವಿಷಯ. ನಮ್ಮ ಮಿತ್ರರು ತಮ್ಮ ಲೋಕದಲ್ಲಿ ಅದಿಲ್ಲ ಎಂದುಕೊಂಡಂತಿದೆ. 2020ರ ಡಿಸೆಂಬರಿನಲ್ಲಿ ಎನ್ವಿಡಿಯಾ, ಆಸ್ಟ್ರೇಲಿಯಾದ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಎಂಬ ವಾಹಿನಿಗೆ ಪತ್ರ ಬರೆದು ಇನ್ನು ಮುಂದೆ ಪರೀಕ್ಷೆಗೆ ತನ್ನ ಕಾರ್ಡು ಕಳಿಸುವುದಿಲ್ಲ ಎಂದಿತು. ಅವರು ಮಾಡಿದ ಅಪರಾಧ, ಕಂಪನಿಗೆ ಪ್ರಿಯವಾದ ರೇ ಟ್ರೇಸಿಂಗ್ ಎಂಬ ಬೆಳಕಿನ ವಿದ್ಯೆಗೆ ಸಾಲದಷ್ಟು ಒತ್ತು ಕೊಟ್ಟದ್ದು. ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ಪತ್ರವನ್ನು ಹಿಂತೆಗೆದುಕೊಂಡಿತು. 2025ರ ಮೇ ತಿಂಗಳಲ್ಲಿ 5060 ಕಾರ್ಡು ಮಾರಾಟಕ್ಕೆ ಬಂದ ದಿನದವರೆಗೂ ಅದನ್ನು ಓಡಿಸುವ ಡ್ರೈವರ್ ಹೆಚ್ಚಿನ ಪರೀಕ್ಷಕರಿಗೆ ಸಿಗಲಿಲ್ಲ. ಕಂಪನಿ ಹೇಳಿದ ಆಟಗಳನ್ನು ಕಂಪನಿ ಹೇಳಿದ ರೀತಿಯಲ್ಲಿ ಓಡಿಸಲು ಒಪ್ಪಿದ ಕೆಲವರಿಗೆ ಮಾತ್ರ ಮುಂಚಿತವಾಗಿ ದೊರೆಯಿತೆಂದು ಪರೀಕ್ಷಕರೇ ಬಹಿರಂಗಪಡಿಸಿದರು. ಪ್ರಶ್ನೆಪತ್ರಿಕೆಯನ್ನು ವಿದ್ಯಾರ್ಥಿಯೇ ಸಿದ್ಧಪಡಿಸುವ ಪರೀಕ್ಷೆ! ನಮ್ಮ ಕಛೇರಿಯಲ್ಲಿ ಹತ್ತು ಕುರ್ಚಿ ಕೊಳ್ಳಬೇಕಾದರೂ ತಾಂತ್ರಿಕ ಪರಿಶೀಲನೆಯ ವರದಿಯನ್ನು ಕುರ್ಚಿ ಮಾರುವವನ ಕೈಯಲ್ಲಿ ಬರೆಸುವುದಿಲ್ಲ. ಸರ್ಕಾರಿ ಖರೀದಿಯ ನಿಧಾನವನ್ನು ಎಲ್ಲರಂತೆ ನಾವೂ ಬೈಯುತ್ತೇವೆ. ಆದರೆ ಈ ಒಂದು ಶಿಸ್ತು ಅಲ್ಲಿ ಉಳಿದಿದೆ.

ಕನ್ನಡದ ಸ್ಥಿತಿಯನ್ನು ಹೇಳದೆ ಮುಗಿಸಿದರೆ ನಮ್ಮ ಸಿಟ್ಟು ಪರದೇಶದವರ ಮೇಲಷ್ಟೇ ಹರಿದಂತಾಗುತ್ತದೆ. ನಾವು ಕಂಡ ಮಟ್ಟಿಗೆ ನಮ್ಮ ನುಡಿಯ ವಿಡಿಯೋಗಳಲ್ಲಿ ಪೆಟ್ಟಿಗೆ ಬಿಚ್ಚುವ ಸಂಭ್ರಮ ಧಾರಾಳವಾಗಿದೆ. ಕಾರ್ಡಿನ ಬಣ್ಣ, ಅದರ ದೀಪ, ಅದರ ತೂಕ ಎಲ್ಲದರ ವರ್ಣನೆ ಇದೆ. ಅಂಕಿಯ ಸರದಿ ಬಂದಾಗ ಕಂಪನಿಯ ಪಟ್ಟಿಯನ್ನೇ ಕನ್ನಡದಲ್ಲಿ ಓದಿ ಹೇಳುತ್ತಾರೆ. ಅವರ ಬಳಿ ಹಣವಿಲ್ಲ, ಹತ್ತು ಕಾರ್ಡು ಕೊಂಡು ಹೋಲಿಸುವ ಅನುಕೂಲವಿಲ್ಲ ಎಂಬುದನ್ನು ಬಲ್ಲೆವು. ಆದರೆ ಗಡಿಯಾರ ನೋಡಿ ನಲವತ್ತು ನಿಮಿಷ ಕಾಯಲು ಹಣ ಬೇಡ. ಕೋಣೆಯ ಉಷ್ಣತೆ ಬರೆದಿಡಲು ಹಣ ಬೇಡ. ಪ್ರೆಸೆಂಟ್‌ಮಾನ್ ಉಚಿತ. ಇಂಗ್ಲಿಷ್ ಬಾರದ ಹಾವೇರಿಯ ಹುಡುಗನೊಬ್ಬ ಸಾಲ ಮಾಡಿ ಕೊಳ್ಳುವ ಮುಂಚೆ ನಂಬಿ ನೋಡುವುದು ಇವರ ಮಾತನ್ನು. ಅವನಿಗೆ ಕಂಪನಿಯ ಸುಳ್ಳನ್ನು ತಾಯ್ನುಡಿಯಲ್ಲಿ ತಲುಪಿಸಿದ ಪುಣ್ಯ ಇವರದ್ದು.

ತರುಣ ಮಿತ್ರರು ಮುಂದಿನ ಕೂಟದಲ್ಲಿ ತಮ್ಮ ಹೊಸ ಕಾರ್ಡಿನ ಪರೀಕ್ಷೆಯನ್ನು ಪರದೆಯ ಮೇಲೆ ತೋರಿಸುವುದಾಗಿ ಒಪ್ಪಿಕೊಂಡಿದ್ದಾರೆ. ಅವರಲ್ಲಿ ನಮ್ಮ ಬೇಡಿಕೆ ಹೆಚ್ಚೇನಿಲ್ಲ. ಕೋಷ್ಟಕದಲ್ಲಿ ನಿಜ ಫ್ರೇಮುಗಳಿಗೊಂದು ಕಾಲಂ, ತುಂಬಿದ ಫ್ರೇಮುಗಳಿಗೆ ಇನ್ನೊಂದು ಕಾಲಂ ಇರಲಿ. ಎರಡನ್ನೂ ಕೂಡಿಸಿದ ಮೂರನೆಯ ಕಾಲಂ ಬೇಡ. 'ಒಂದು ಶೇಕಡಾ ಕನಿಷ್ಠ' ಎಂಬುದನ್ನು ಹೇಗೆ ಲೆಕ್ಕ ಹಾಕಿದರೆಂದು ಕೆಳಗೊಂದು ಸಾಲು ಬರೆಯಲಿ. ಕಾರ್ಡನ್ನು ತಾವೇ ಕೊಂಡದ್ದೋ, ಯಾರಾದರೂ ಕೊಟ್ಟದ್ದೋ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಲಿ. ಕೂಟದ ಸಭಾಂಗಣದಲ್ಲಿ ಎಸಿ ಕೆಟ್ಟು ಮೂರು ತಿಂಗಳಾಯಿತು. ಕೋಣೆಯ ಉಷ್ಣತೆ ಅಳೆಯಲು ಥರ್ಮಾಮೀಟರನ್ನು ನಾವು ತರುತ್ತೇವೆ.